ಭಾವನ ಹೆಸರು

ಎಣ್ಣೆ ಇನ್ನೂ ಕಾದಿರಲಿಲ್ಲ. ಆದರೂ ಏನೋ ಸೀದ ವಾಸನೆ ಬರುತ್ತಿದೆಯೆಂದು ಅನ್ನಿಸಿ ಕಾನಿಶಾಯ್ ಬಾಣಲೆಯ ಮೇಲೆ ಬಗ್ಗಿ ನೋಡಿದಳು. ಎಣ್ಣೆ ತಿಳಿಯಾಗಿ, ಅಲ್ಲಾಡದೆ ಇತ್ತು. ಅದರ ನಡುವೆ ಚಾವಣಿಗೆ ಅಂಟಿಸಿದ ಬಿಳಿ ಬಟ್ಟಲಿನ ಬಿಂಬ ತೇಲುತ್ತಿತ್ತು. ಚಹದ ಬಟ್ಟಲನ್ನು ಬೋರಲು ಹಾಕಿದಂತಿದ್ದ ಆ ಯಂತ್ರಕ್ಕೆ ಇಲಾಖೆಯವರು ಇಟ್ಟ ಹೆಸರು ಉದ್ದವಾಗಿತ್ತು, ಜನ ಬಟ್ಟಲು ಎಂದೇ ಅನ್ನುತ್ತಿದ್ದರು. ಮನೆಯಲ್ಲಿ ಯಾರಾದರೂ ಇಲಾಖೆ ಬಳಕೆಯಿಂದ ಹಿಂತೆಗೆದ ಮಾತೊಂದನ್ನು ಆಡಿದರೆ ಅದರ ಅಂಚಿನಲ್ಲಿ ಹಳದಿ ದೀಪ ಹತ್ತಿ, ಕೆಳಗಿನ ಮಹಡಿಯ ಮಾಂಬೆತ್‌ನ ಮನೆಯಲ್ಲಿ ಗಂಟೆ ಹೊಡೆಯುತ್ತಿತ್ತು. ಈ ಮನೆಯ ದೀಪ ಒಮ್ಮೆಯೂ ಹತ್ತಿರಲಿಲ್ಲ. ಆದರೂ ಅವಳು ಏನನ್ನಾದರೂ ಯೋಚಿಸಿ ಮುಗಿಸಿದ ಮೇಲೆ ತಲೆಯೆತ್ತಿ ಒಮ್ಮೆ ಆ ಕಡೆ ನೋಡುತ್ತಿದ್ದಳು. ಯೋಚಿಸಿದ್ದು ಬಾಯಿಂದ ಆಚೆ ಬಂತೋ, ಒಳಗೇ ಉಳಿಯಿತೋ ಎನ್ನುವುದು ಈಚೆಗೆ ಅವಳಿಗೆ ಖಚಿತವಾಗುತ್ತಿರಲಿಲ್ಲ.

"ಎಣ್ಣೆ ಹೊಗೆಯಾಡ್ಬೇಕು ಕೆಲಿನ್," ಅಂದರು ಅತ್ತೆ, ಕಿಟಕಿಯ ಪಕ್ಕದ ಕೌದಿಯ ಮೇಲೆ ಕೂತು ಹಿಟ್ಟನ್ನು ಕತ್ತರಿಸುತ್ತ. "ವಾಸನೆ ಸತ್ತೋರಿರೋ ಕಡೆ ತನಕ ಹೋಗ್ಬೇಕಲ್ಲ. ಅವರಿಗೆ ಬೇರೆ ಊಟ ಎಲ್ಲಿದೆ?"

"ಹೊಗೆಯಾಡತ್ತೆ ಅಪಾ. ಈಗ ತಾನೆ ಒಲೆ ಹಚ್ಚಿದ್ದು."

ಅಪಾ ಎಂದರೆ ಅಮ್ಮ, ಕೆಲಿನ್ ಎಂದರೆ ಸೊಸೆ. ಮದುವೆಯಾಗಿ ಬಂದ ದಿನದಿಂದ ಈ ಮನೆಯಲ್ಲಿ ಅವಳಿಗೆ ಬೇರೆ ಹೆಸರಿರಲಿಲ್ಲ. ಗಂಡ ಎರ್ಮೆಕ್ ಕೂಡ ಹೊರಗಿನವರ ಎದುರು ಮಾತ್ರ ಕಾನಿಶಾಯ್ ಎನ್ನುತ್ತಿದ್ದ, ಆಗ ಅವಳಿಗೆ ತನ್ನನ್ನಲ್ಲ ಬೇರೆ ಯಾರನ್ನೋ ಕರೆದಂತಾಗಿ ಹಿಂತಿರುಗಿ ನೋಡುವಂತಾಗುತ್ತಿತ್ತು. ಗುರುವಾರ ಎಣ್ಣೆ ಕಾಯಿಸಿ ಬೊರ್ಸೋಕ್ ಕರಿಯುವುದು, ಆ ವಾಸನೆಯನ್ನು ಸತ್ತವರಿಗೆ ಮುಟ್ಟಿಸುವುದು, ಕರಿದದ್ದನ್ನು ನೆರೆಯವರಿಗೆ ಹಂಚುವುದು, ಇವುಗಳನ್ನು ಇಲಾಖೆ ಮುಟ್ಟಿರಲಿಲ್ಲ. ಸತ್ತವರು ಎನ್ನುವ ಮಾತು ಮನುಷ್ಯರ ಮಟ್ಟಿಗೆ ಇನ್ನೂ ಉಳಿದಿತ್ತು. ಎಷ್ಟು ದಿನವೋ. ಇಲಾಖೆಯ ಕಚೇರಿಯಲ್ಲಿ ಅವಳ ಮೇಜಿಗೆ ಅದು ಬಂದಿರಲಿಲ್ಲ, ಆದರೆ ಪಕ್ಕದವಳ ಮೇಜಿಗೆ ಬಂದಿದ್ದರೆ ಅವಳು ಹೇಳುತ್ತಿದ್ದಳೇ? ಮೊದಲ ತುಂಡು ಎಣ್ಣೆಗೆ ಬಿದ್ದು ಚುರ್ ಎಂದಿತು. ಅತ್ತೆ ಚಾಕು ಕೆಳಗಿಟ್ಟು, ಹಿಟ್ಟು ಮೆತ್ತಿದ ಅಂಗೈಗಳನ್ನು ಎದುರಿಗೆ ಹರಡಿಕೊಂಡು, ಒಬ್ಬೊಬ್ಬರನ್ನೇ ಕರೆಯತೊಡಗಿದರು. ತಮ್ಮ ತಂದೆ, ತಾಯಿ, ಗಂಡ, ಹುಟ್ಟಿದ ವಾರದಲ್ಲೇ ಹೋದ ಹೆಣ್ಣುಕೂಸು. ಆಮೇಲೆ ಬಾಯಿ ತೆರೆದಂತೆಯೇ ಉಳಿಯಿತು.

ಕಾನಿಶಾಯ್ ಜಾಲರಿ ಸೌಟನ್ನು ಹಿಡಿದು ಹಾಗೇ ನಿಂತಳು. ಎಲ್ಲ ಗುರುವಾರವೂ ಇದೇ ಜಾಗಕ್ಕೆ ಬಂದು ತಡವರಿಸುವುದು.

"ಇನ್ನೊಬ್ಬ ಇದಾನೆ," ಅಂದರು ಅತ್ತೆ. "ಇಲ್ಲಿ ಬರೋನಾ, ಅಲ್ಲಿ ಬರೋನಾ, ಅದು ಗೊತ್ತಾಗ್ತಿಲ್ಲ. ಸತ್ತೋರ ಜೊತೆ ಕರೀಬೇಕಾ, ಆಮೇಲೆ ಇದ್ದೋರಿಗೆ ಹರಸ್ತೀವಲ್ಲ, ಅದರಲ್ಲಿ ಸೇರಿಸ್ಬೇಕಾ? ನನ್ನ ದೊಡ್ಡ ಮಗ. ಹೆಸರು ಬಂದ್ರೆ ಅದೇ ಹೇಳತ್ತೆ ಯಾವ ಕಡೆಯೋನು ಅಂತ. ಹೆಸರೇ ಬರ್ತಿಲ್ಲ. ಏನೇ ಅವನ ಹೆಸರು?"

ಕಾನಿಶಾಯ್ ತಲೆಯೆತ್ತಿ ಬಟ್ಟಲನ್ನು ನೋಡಿದಳು. ಕೇಳುವುದು ತಪ್ಪಲ್ಲ. ಪ್ರಶ್ನೆಯಲ್ಲಿ ಹಿಂತೆಗೆದ ಮಾತು ಯಾವುದೂ ಇರಲಿಲ್ಲ. ಹೋದ ವಾರ ಅತ್ತೆ ಇದನ್ನೇ ಮೆಟ್ಟಿಲ ಬಳಿ ನಿಂತು ಹತ್ತುವ ಇಳಿಯುವ ಎಲ್ಲರನ್ನೂ ಕೇಳಿದ್ದರು. ನೆರೆಯವರು ಕೈಚೀಲವನ್ನು ಎದೆಗೊತ್ತಿಕೊಂಡು, ಕಿವುಡರ ಹಾಗೆ ನಗುತ್ತ ಗೋಡೆ ಸವರಿಕೊಂಡು ದಾಟಿದ್ದರು. ಸಂಜೆ ಮಾಂಬೆತ್ ಬಂದ. ಹಿಂದೆ ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದವನು, ಈಗಲೂ ನಿಂತರೆ ಕಾಲು ಜೋಡಿಸಿಯೇ ನಿಲ್ಲುತ್ತಿದ್ದ. ಬೈಯಲಿಲ್ಲ. ಅಜ್ಜಿ ಕೇಳಿದ್ದಕ್ಕೆ ಏನೂ ಇಲ್ಲ, ಆದರೆ ಯಾರಾದರೂ ಮರೆತು ಉತ್ತರ ಹೇಳಿಬಿಟ್ಟರೆ ಅವರ ಗತಿಯೇನು, ಇನ್ನೊಮ್ಮೆ ಹೀಗಾದರೆ ವಿಶ್ರಾಂತಿ ಮನೆಗೆ ತಿಳಿಸಬೇಕಾಗುತ್ತದೆ ಎಂದು ಚಪ್ಪಲಿ ನೋಡಿಕೊಂಡು ಹೇಳಿದ. ಮೂರನೆಯ ಮಹಡಿಯ ಮುದುಕರೊಬ್ಬರು ವಿಶ್ರಾಂತಿ ಮನೆಗೆ ಹೋಗಿ ಬಂದವರು. ಈಗ ಅಂಗಳದ ಬೆಂಚಿನಲ್ಲಿ ಕೂತು, ಎದುರು ಯಾರು ಬಂದರೂ, ಬೆಕ್ಕು ಬಂದರೂ, "ದಿನ ಚೆನ್ನಾಗಿದೆ" ಎನ್ನುತ್ತಾರೆ. ಅದರಾಚೆ ಏನೂ ಇಲ್ಲ. ಬಾಯಿಯ ಒಂದು ಬದಿ ಸ್ವಲ್ಪ ಒಣಗಿದಂತಿದೆ.

"ಹೇಳೇ. ನಿನ್ನನ್ನೇ ಕೇಳ್ತಿರೋದು."

ಹೇಗೆ ಹೇಳುವುದು. ಇಲಾಖೆ ಆ ಹೆಸರನ್ನು ಹಿಂತೆಗೆದು ಎರಡು ವಸಂತ ಕಳೆದಿತ್ತು. ಆದರೆ ಅವಳ ಬಾಯಿಂದ ಅದನ್ನು ಅದಕ್ಕೂ ಎಷ್ಟೋ ಮೊದಲು ಹಿಂತೆಗೆದವರು ಇದೇ ಅತ್ತೆ. ಮದುವೆಯ ಮರುದಿನ ಸಂಜೆ, ತಲೆಗೆ ಕಟ್ಟಿದ ಬಿಳಿ ಬಟ್ಟೆ ಇನ್ನೂ ಒಗ್ಗದೆ ಕಿವಿಯ ಮೇಲೆ ಜಾರುತ್ತಿದ್ದಾಗ, ಅವಳನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ಹೆಸರನ್ನು ನಿಧಾನವಾಗಿ, ಕಿವಿಯೊಳಗೆ ಇಟ್ಟ ಹಾಗೆ ಹೇಳಿದ್ದರು. ಇದು ನಿನ್ನ ಮಾವನ ಹೆಸರು. ಇದು ದೊಡ್ಡ ಭಾವನದು. ಇವತ್ತು ಕೇಳಿಸ್ಕೊ, ನಾಳೆಯಿಂದ ನಿನ್ನ ಬಾಯಲ್ಲಿ ಬರಬಾರದು. ಗಂಡನ ಕಡೆಯ ಹಿರಿಯರ ಹೆಸರು ಹಿಡಿದ ಸೊಸೆಯನ್ನು ಯಾರೂ ಮನೆತನದವಳು ಅನ್ನಲ್ಲ. ಹಾಗೆಂದು ಸಕ್ಕರೆಯ ತುಂಡೊಂದನ್ನು ಅವಳ ಬಾಯಿಗಿಟ್ಟರು. ಅವಳಿಗೆ ಅದು ಕಷ್ಟವಾಗಲಿಲ್ಲ. ದೊಡ್ಡ ಭಾವನ ಮನೆ ಹೊಳೆಯ ಆಚೆ ದಡದಲ್ಲಿದ್ದುದರಿಂದ ಅವರನ್ನು ಹೊಳೆಯಾಚೆಯವರು ಎಂದಳು. ಅವರ ಹೆಸರಿನ ಮೊದಲರ್ಧಕ್ಕೆ ಆ ಊರಿನ ನುಡಿಯಲ್ಲಿ ಕಬ್ಬಿಣ ಎಂದರ್ಥ. ಹಾಗಾಗಿ ಕಬ್ಬಿಣವನ್ನೂ ಬಿಟ್ಟು ಕರಿಗಟ್ಟಿ ಎಂದಳು. ಕರಿಗಟ್ಟಿ ಬಾಣಲೆ, ಕರಿಗಟ್ಟಿ ಮೊಳೆ, ಕುದುರೆಯ ಕಾಲಿನ ಕರಿಗಟ್ಟಿ. ಅಂಗಡಿಯವನು ಮೊದಮೊದಲು ನಗುತ್ತಿದ್ದ, ಆಮೇಲೆ ಅವನೂ ಹಾಗೇ ಅನ್ನತೊಡಗಿದ. ಭಾವ ಒಮ್ಮೆ ಊಟಕ್ಕೆ ಬಂದಾಗ, "ಈ ಮನೆಯಲ್ಲಿ ನಾನೊಬ್ಬನೇ ಅಲ್ಲ, ನನ್ನ ಜೊತೆ ಬಾಣಲೆಗೂ ಮರ್ಯಾದೆ," ಎಂದು ನಕ್ಕಿದ್ದರು. ಪಶುವೈದ್ಯರು. ಕೈ ತೊಳೆದಿದ್ದರೂ ಅವರ ಸುತ್ತ ಕುರಿಯ ಉಣ್ಣೆಯ ವಾಸನೆ ಇರುತ್ತಿತ್ತು. ಆ ವಾಸನೆ ಈಗ ಎಣ್ಣೆಯ ಹೊಗೆಯ ನಡುವೆ ಬಂತೋ, ನೆನಪಿನಿಂದ ಬಂತೋ. ವಾಸನೆ ಈ ಕಡೆಯಿಂದ ಆ ಕಡೆಗೆ ಹೋಗುವುದಾದರೆ ಆ ಕಡೆಯಿಂದ ಈ ಕಡೆಗೂ ಬರಬಹುದೇ? ಬರುವುದಾದರೆ ಅವರು ಆ ಕಡೆಯವರೆಂದೇ ಆಯಿತಲ್ಲ. ಅವಳು ಗಾಬರಿಯಿಂದ ಸೌಟನ್ನು ಎಣ್ಣೆಯಲ್ಲಿ ಜೋರಾಗಿ ಆಡಿಸಿದಳು.

"ಬೊರ್ಸೋಕ್ ಕಪ್ಪಾಗ್ತಿದೆ," ಎನ್ನುತ್ತ ಎರ್ಮೆಕ್ ಮುಖ ಒರೆಸಿಕೊಂಡು ಬಂದ. ಊರೂರಿಗೆ ಹೋಗುವ ಸಣ್ಣ ಬಸ್ಸು ಓಡಿಸುತ್ತಿದ್ದ ಅವನು ಹೊರಡುವ ಮೊದಲು ನಿಂತುಕೊಂಡೇ ತಿನ್ನುತ್ತಿದ್ದ. "ಏನಂತೆ ಅಪಾ, ಮತ್ತೆ ಶುರುವಾಯ್ತಾ?"

"ನಿನ್ನಣ್ಣನ ಹೆಸರು ಕೇಳ್ತಿದೀನಿ. ಇವಳು ಮೂಗಿ ಹಾಗೆ ನಿಂತಿದಾಳೆ."

ಎರ್ಮೆಕ್ ಬಿಸಿ ಬೊರ್ಸೋಕನ್ನು ಒಂದು ಕೈಯಿಂದ ಇನ್ನೊಂದಕ್ಕೆ ಎಸೆಯುತ್ತ ಹೆಂಡತಿಯನ್ನು ನೋಡಿದ. ಅವನಿಗೆ ಸೊಸೆಯ ಕಟ್ಟಳೆ ಇರಲಿಲ್ಲ, ಅಣ್ಣನ ಹೆಸರನ್ನು ಅವನು ಬಾಲ್ಯದಿಂದ ಅಂಗಳದ ಈ ತುದಿಯಿಂದ ಆ ತುದಿಗೆ ಕೂಗಿದ್ದವನು. ಈಗ ಅವನು ಬೊರ್ಸೋಕನ್ನು ಕಚ್ಚಿದ.

"ಅಸಾನ್," ಅಂದ. "ಅಸಾನ್, ಅಪಾ. ಮರೆತೇಬಿಟ್ಯಾ? ನಿನ್ನ ದೊಡ್ಡ ಮಗ ಅಸಾನ್."

ಅಷ್ಟು ಸಲೀಸಾಗಿ ಹೇಳಿದ. ರಾತ್ರಿಯೆಲ್ಲ ಯೋಚಿಸಿಟ್ಟುಕೊಂಡಿರಬೇಕು. ಅಡುಗೆಮನೆಯ ಬಾಗಿಲಿಗೆ ಬಂದು ಪಿಸುಗುಟ್ಟಿದ, "ನೀನೂ ಅದನ್ನೇ ಹೇಳು. ಎರಡು ದಿನ ಅಂದ್ರೆ ಹತ್ಕೊಳತ್ತೆ. ನಿಂದು ಅದೇ ಕೆಲಸ ಅಲ್ವಾ, ಒಂದು ಕಿತ್ತು ಒಂದು ಇಡೋದು. ನಿನಗೆ ನಾನು ಹೇಳ್ಕೊಡ್ಬೇಕಾ?"

ಅವನು ಚುಚ್ಚಬೇಕೆಂದು ಹೇಳಿದ್ದಲ್ಲ. ಅಥವಾ ಹಾಗೆಂದೇ ಹೇಳಿದ್ದೋ. ಅವನು ಹೋದ ಮೇಲೂ ಆ ಮಾತು ಬಾಗಿಲ ಬಳಿಯೇ ನಿಂತಿತ್ತು. ಹೌದು, ಅವಳ ಕೆಲಸ ಅದೇ. ಇಲಾಖೆ ತೆರೆದ ಕಾಲದಲ್ಲಿ ಹಳೆಯ ಮನೆತನಗಳ ಸೊಸೆಯರಿಗೆ ಆದ್ಯತೆ ಎಂದು ಪ್ರಕಟಣೆ ಬಂದಿತ್ತು. ಕಾಲೇಜು ಓದಿದವರು ಬಹಳ ಜನ ಸಿಗುತ್ತಾರೆ, ಆದರೆ ಬಾಯಿಗೆ ಬಂದ ಮಾತನ್ನು ನುಂಗಿ, ಮಾತು ನಿಲ್ಲದ ಹಾಗೆ ಅದರ ಜಾಗಕ್ಕೆ ಇನ್ನೊಂದನ್ನು ತರುವುದು ಇವರಿಗೆ ಮಾತ್ರ ಬರುತ್ತದೆ ಎಂದು ಮುಖ್ಯಸ್ಥ ಶಾರ್ಶೆನ್ ಮೊದಲ ದಿನ ಭಾಷಣ ಮಾಡಿದ್ದರು. ಕಚೇರಿ ಹಿಂದೆ ಶಿಶುವಿಹಾರವಾಗಿದ್ದ ಕಟ್ಟಡ. ಗೋಡೆಯಲ್ಲಿ ಇನ್ನೂ ಹಳದಿ ಬಾತುಕೋಳಿಗಳಿದ್ದವು, ಕುರ್ಚಿಗಳನ್ನು ಬದಲಾಯಿಸಿದ್ದರೂ ನೀರಿನ ನಲ್ಲಿಗಳು ಮೊಣಕಾಲಿನ ಎತ್ತರದಲ್ಲೇ ಇದ್ದವು. ಅಲ್ಲಿ ತಲೆವಸ್ತ್ರ ಕಟ್ಟಿದ ಹೆಂಗಸರು ಸಾಲಾಗಿ ಕೂತು, ಬೆಳಿಗ್ಗೆ ಬಂದ ಮಾತನ್ನು ಸಂಜೆಯೊಳಗೆ ಬದಲಿ ಮಾಡಿ ಕೊಡುತ್ತಿದ್ದರು. ಅವಳಿಗೆ ಅದು ಇಷ್ಟವಾಗುತ್ತಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಒಂದು ಮಾತು ಸರಿಯಾಗಿ ಕೂತಾಗ ಬೆರಳ ತುದಿಯಲ್ಲಿ ಒಂಥರ ಬೆಚ್ಚಗೆ ಆಗುತ್ತಿತ್ತು, ರೊಟ್ಟಿ ಉಬ್ಬಿದ್ದನ್ನು ನೋಡಿದ ಹಾಗೆ.

ಜಾನುವಾರಿಗೆ ಬೇನೆ ಬಂದ ವರ್ಷ, ಸತ್ತವು ಎನ್ನುವ ಮಾತನ್ನು ಕುರಿ ದನಗಳ ಮಟ್ಟಿಗೆ ಹಿಂತೆಗೆಯಬೇಕೆಂದು ಬಂತು. ಅದು ಅವಳ ಮೇಜಿಗೇ ಬಂತು. ಇಳಿದವು, ಎಂದು ಕೊಟ್ಟಳು. ಕುರಿಗಳು ಇಳಿದವು. ಸರಳ, ಯಾರಿಗೂ ನೋವಾಗದ್ದು, ಲೆಕ್ಕದಲ್ಲೂ ಮಾತಿನಲ್ಲೂ ಒಗ್ಗುವಂಥದು. ಶಾರ್ಶೆನ್ ಮೆಚ್ಚಿಕೊಂಡರು, ಸಂಜೆಯ ಸುದ್ದಿಯಲ್ಲಿ ಅದನ್ನೇ ಓದಿದರು. ಆ ವಾರ ಹೊಳೆಯಾಚೆಯವರು ಊಟಕ್ಕೆ ಬಂದಿದ್ದರು. ಕಣ್ಣು ಕೆಂಪಾಗಿತ್ತು, ಬೂಟಿಗೆ ಸುಣ್ಣ ಮೆತ್ತಿತ್ತು. ಹಳ್ಳಗಳಲ್ಲಿ ಹೂತು ಸುಣ್ಣ ಹಾಕಿ ಬಂದವರು. ಚಹ ಕುಡಿಯುತ್ತ ಎರ್ಮೆಕ್‌ಗೆ ಹೇಳಿದರು, "ಯಾವ ಪುಣ್ಯಾತ್ಮ ಮಾಡಿದ ಮಾತೋ. ಇಳಿದವಂತೆ. ಕುರಿ ಏನು ನಿನ್ನ ಬಸ್ಸಲ್ಲಿ ಬಂದಿತ್ತಾ?" ಎರ್ಮೆಕ್ ನಗಲಿಲ್ಲ, ಹೆಂಡತಿಯ ಕಡೆ ನೋಡಲೂ ಇಲ್ಲ, ಆ ನೋಡದಿರುವುದರಿಂದಲೇ ಭಾವನಿಗೆ ಗೊತ್ತಾಗಿರಬೇಕು. ಅವಳ ಮುಖ ಬಿಸಿಯಾಯಿತು. ಕೈ ತಾನಾಗಿ ಕೆಟಲನ್ನು ಬಗ್ಗಿಸಿ ಅವರ ಬಟ್ಟಲಿಗೆ ಚಹ ಸುರಿಯುತ್ತಿತ್ತು, ನಿಲ್ಲಿಸಬೇಕಾದಲ್ಲಿ ನಿಲ್ಲಿಸಲಿಲ್ಲ, ಅಂಚಿನವರೆಗೂ ತುಂಬಿಸಿಬಿಟ್ಟಳು. ಬೇಕಾದ ಅತಿಥಿಗೆ ಬಟ್ಟಲ ತಳದಲ್ಲಿ ಎರಡು ಗುಟುಕು ಹಾಕಿ ಮತ್ತೆ ಮತ್ತೆ ಕೈಚಾಚಿಸಿಕೊಳ್ಳಬೇಕು. ತುಂಬಿದ ಬಟ್ಟಲೆಂದರೆ ಕುಡಿದು ಹೊರಡು ಎಂದರ್ಥ. ಇಡೀ ಊರಿಗೆ ಗೊತ್ತಿರುವ ಅರ್ಥ. ಭಾವ ಆ ಬಟ್ಟಲನ್ನು ನೋಡಿದರು, ಅವಳನ್ನು ನೋಡಿದರು. ತುಳುಕದ ಹಾಗೆ ಎರಡೂ ಕೈಯಿಂದ ಎತ್ತಿ ಕೊನೆಯ ಹನಿಯವರೆಗೂ ಕುಡಿದು, "ಚೆನ್ನಾಗಿತ್ತು," ಎಂದು ಟೋಪಿ ಹಾಕಿಕೊಂಡು ಹೋದರು. ಮರುದಿನ ಜಿಲ್ಲೆಯ ಸಭೆಯಲ್ಲಿ, ವರದಿ ಓದಬೇಕಾದ ಕಡೆ ನಿಂತು, ಇಳಿದಿಲ್ಲ, ಸತ್ತಿವೆ ಎಂದರಂತೆ. ಒಂದೇ ಸಲ ಅಲ್ಲ. ಹಳ್ಳಿ ಹಳ್ಳಿಯ ಹೆಸರು ಹೇಳಿ, ಇಲ್ಲಿ ಸತ್ತಿವೆ, ಇಲ್ಲಿ ಸತ್ತಿವೆ ಎಂದು ಮುಗಿಯುವವರೆಗೂ ಓದಿದರಂತೆ. ಆ ಬಟ್ಟಲನ್ನು ತುಂಬದೇ ಇದ್ದಿದ್ದರೆ ಅವರು ಅಲ್ಲೇ ಉಳಿದು, ಎರಡನೇ ಮೂರನೇ ಬಟ್ಟಲಿಗೆ ಕೈಚಾಚಿ, ಎರ್ಮೆಕ್ ಜೊತೆ ರಾತ್ರಿಯವರೆಗೆ ಬೈದಾಡಿ ಹಗುರಾಗುತ್ತಿದ್ದರೋ ಏನೋ. ಹಾಗೆಲ್ಲ ಆಗುವುದಿಲ್ಲ. ಚಹಕ್ಕೂ ಅದಕ್ಕೂ ಏನು ಸಂಬಂಧ. ಅವಳು ತಲೆಯೆತ್ತಿ ನೋಡಿದಳು, ದೀಪ ಹತ್ತಿರಲಿಲ್ಲ.

ಭಾವನನ್ನು ಕರೆದುಕೊಂಡು ಹೋದ ಮೇಲೆ ಹೆಸರನ್ನೂ ಹಿಂತೆಗೆದರು. ಅದೇ ಹೆಸರಿದ್ದ ಅಂಚೆಯವನಿಗೆ, ಒಬ್ಬ ಕಟುಕನಿಗೆ, ಬೇರೆ ಹೆಸರು ಹಂಚಿದರು. ಅಂಚೆಯವನನ್ನು ಈಗಲೂ ಎರಡು ಸಲ ಕರೆಯಬೇಕು. ಕಚೇರಿಯಲ್ಲಿ ಶಾರ್ಶೆನ್ ಅವಳನ್ನು ಬಾತುಕೋಳಿಯ ಗೋಡೆಯ ಎದುರಿಗೆ ನಿಲ್ಲಿಸಿ ಎಲ್ಲರ ಮುಂದೆ ಕೇಳಿದ್ದರು, "ನಿಮ್ಮ ಮನೆಯವರೇ ಅಲ್ವಾ. ನೀವು ಆ ಹೆಸರು ಕಡೇ ಸಲ ಯಾವಾಗ ಆಡಿದ್ದು?" ಅವಳು ಇದ್ದದ್ದನ್ನೇ ಹೇಳಿದಳು. "ಒಂದು ಸಲಾನೂ ಆಡಿಲ್ಲ." ಶಾರ್ಶೆನ್ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು, ಅಲ್ಲಿದ್ದ ಪ್ರತಿಯೊಬ್ಬ ಹೆಂಗಸಿಗೂ ಇದು ಸೊಸೆಯ ಕಟ್ಟಳೆ, ನಿಷ್ಠೆಯೇನಲ್ಲ ಎಂದು ಗೊತ್ತಿತ್ತು, ಆದರೂ ತಟ್ಟಿದರು. ಅವಳ ಫೋಟೋ ಕಟ್ಟಡದ ಹೊರಗೋಡೆಯಲ್ಲಿದೆ. ತಾನು ಸುಳ್ಳು ಹೇಳಲಿಲ್ಲ ಎಂದು ಅವಳು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾಳೆ. ಆ ಚಪ್ಪಾಳೆಯ ಹೊತ್ತಿನಲ್ಲಿ ತಾನು ತಲೆಬಾಗಿಸಿದ್ದು ಮಾತ್ರ ಏಕೆಂದು ತಿಳಿಯುವುದಿಲ್ಲ.

ಕೌದಿಯ ಮೇಲೆ ಅತ್ತೆ ಹೊಸ ಹೆಸರನ್ನು ಬಾಯಲ್ಲಿ ಆಡಿಸುತ್ತಿದ್ದರು. ಅಸಾನ್. ಅಸಾನ್, ಬಾ. ಅಸಾನ್, ಕುದುರೆಗೆ ನೀರಿಟ್ಟೆಯಾ. ಸ್ವರ ಏರಿಸಿ, ಇಳಿಸಿ, ಮುದ್ದಿನಿಂದ, ಗದರಿಸಿ. ಬೇರೆಯವರ ಬೂಟು ಹಾಕಿಕೊಂಡು ಮನೆಯೊಳಗೆ ನಡೆದಾಡಿ ನೋಡಿದಂತೆ. ಹಿಟ್ಟಿನ ತುಂಡುಗಳು ಹಲಗೆಯ ಮೇಲೆ ಒಣಗುತ್ತಿದ್ದವು.

"ಇದು ನಾನು ಹೆತ್ತ ಹೆಸರಲ್ಲ," ಅಂದರು. "ಎರ್ಮೆಕ್ ನನ್ನ ಹತ್ರ ಸುಳ್ಳು ಹೇಳ್ದ. ಚಿಕ್ಕೋನಿದ್ದಾಗಲೂ ಹೀಗೇ, ಸುಳ್ಳು ಹೇಳುವಾಗ ಏನಾದ್ರೂ ತಿಂತಿರ್ತಾನೆ." ಅವಳ ಕಡೆ ತಿರುಗಿ, "ನೀನು ಹೇಳು. ನೀನು ಸುಳ್ಳು ಹೇಳಲ್ಲ."

"ಹೊಳೆಯಾಚೆಯವರು, ಅಪಾ." ಅಷ್ಟನ್ನು ಹೇಳಬಹುದಿತ್ತು. ಅದನ್ನು ಯಾರೂ ಹಿಂತೆಗೆದಿರಲಿಲ್ಲ, ಅದು ಅವಳೊಬ್ಬಳದಾದ್ದರಿಂದ ಮನೆಯ ಹೊರಗೆ ಯಾರಿಗೂ ಗೊತ್ತೇ ಇರಲಿಲ್ಲ.

ಅತ್ತೆಯ ಮುಖ ಒಂದು ಕ್ಷಣ ಬೆಳಗಿತು. ಹೊಳೆ, ಸೇತುವೆ, ನೀಲಿ ಗೇಟು ಅವರ ಕಣ್ಣೊಳಗೆ ಬಂದು ಹೋದದ್ದು ಕಾಣಿಸಿತು. ನಂತರ ತಲೆಯಾಡಿಸಿದರು. "ಅದು ನೀನು ಕರೆಯೋದು. ಅದನ್ನ ಹಿಡ್ಕೊಂಡು ನಾನೇನು ಮಾಡ್ಲಿ? ದೇವರ ಹತ್ರ ಹೋಗಿ ಹೊಳೆಯಾಚೆಯೋನು ಅಂದ್ರೆ ಯಾವ ಹೊಳೆ ಅಂತಾನೆ. ನಾನು ಏನಂತ ಕರೀತಿದ್ದೆ?"

ಅವರು ಎದ್ದರು. ಗೋಡೆ ಹಿಡಿದು, ಬಾಗಿಲ ಬಳಿಯ ಕೊಕ್ಕೆಯಿಂದ ಶಾಲು ತೆಗೆದುಕೊಂಡರು.

"ಎಲ್ಲಿಗೆ ಅಪಾ?"

"ಕೆಳಗೆ. ಯಾರಾದ್ರೂ ಒಬ್ಬರಿಗೆ ಗೊತ್ತಿರತ್ತೆ. ಇಷ್ಟು ದೊಡ್ಡ ಕಟ್ಟಡದಲ್ಲಿ ಒಬ್ಬರಾದ್ರೂ ಮನುಷ್ಯರು ಇರಲ್ವಾ?"

ಕಾನಿಶಾಯ್ ಒಲೆ ಆರಿಸಿ ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಅತ್ತೆಯ ತಲೆ ಅವಳ ಗಲ್ಲದವರೆಗೂ ಬರುತ್ತಿರಲಿಲ್ಲ. ಹಿಂದೆ ಹೀಗಿರಲಿಲ್ಲ, ಅಥವಾ ಹಿಂದೆ ತಾನು ಇಷ್ಟು ಹತ್ತಿರ ನಿಂತು ನೋಡಿರಲಿಲ್ಲ. ಕೆಳಗೆ ಹೋದರೆ ಮಾಂಬೆತ್. ಮಾಂಬೆತ್ ನಂತರ ವಿಶ್ರಾಂತಿ ಮನೆ. ಅಂಗಳದ ಬೆಂಚಿನಲ್ಲಿ ಇಬ್ಬರು ಕೂತು ಒಬ್ಬರಿಗೊಬ್ಬರು ದಿನ ಚೆನ್ನಾಗಿದೆ ಎಂದುಕೊಳ್ಳುವುದು. ಬಾಗಿಲಿಗೆ ಬೀಗ ಹಾಕಿಟ್ಟರೆ ಕಿಟಕಿಯಿಂದ ಕೇಳುತ್ತಾರೆ. ಇವತ್ತು ತಡೆದರೆ ಮುಂದಿನ ಗುರುವಾರ ಕೇಳುತ್ತಾರೆ. ಸಾಯುವವರೆಗೂ ಕೇಳುತ್ತಾರೆ, ಸತ್ತ ಮೇಲೆ ಆ ಕಡೆ ಹೋಗಿ ಅಲ್ಲಿರುವವರನ್ನೂ ಕೇಳುತ್ತಾರೆ, ಅಲ್ಲಿ ಮಗನಿದ್ದರೆ ಹೆಸರಿಲ್ಲದೆ ಹೇಗೆ ಹುಡುಕುತ್ತಾರೆ. ಹೇಳಿಬಿಟ್ಟರೆ? ಹೇಳಲು ತನಗೆ ಗೊತ್ತಿದೆಯೇ? ಒಮ್ಮೆಯೂ ಆಡದ ಹೆಸರು ಅದು, ಕಿವಿಯಲ್ಲಿದೆ, ನಾಲಗೆಯಲ್ಲಿಲ್ಲ. ಅವಳು ಅದನ್ನು ಹುಡುಕುತ್ತ ಹೋದಳು. ಕರಿಗಟ್ಟಿ ಸಿಕ್ಕಿತು, ಹೊಳೆಯಾಚೆ ಸಿಕ್ಕಿತು, ಅಸಾನ್ ಸಿಕ್ಕಿತು, ಒಂದನ್ನು ಸರಿಸಿದರೆ ಇನ್ನೊಂದು ಬದಲಿ ಅದರ ಹಿಂದೆ ನಿಂತಿತ್ತು. ಕೊನೆಗೆ ಸಿಕ್ಕಿದ್ದು ಮಾತೂ ಅಲ್ಲ, ಸ್ವರ. ಸಂಜೆ ಬೆಳಕಿನಲ್ಲಿ ಎದುರು ಕೂತ, ಇನ್ನೂ ಕಪ್ಪು ಕೂದಲಿದ್ದ ಈ ಹೆಂಗಸಿನದೇ ಸ್ವರ.

"ತೆಮಿರ್‌ಕುಲ್," ಅಂದಳು ಕಾನಿಶಾಯ್.

ಹೆಸರು ಯಾರದೋ ಹೊಸ ಪಾತ್ರೆಯಂತೆ ನಡುಮನೆಯಲ್ಲಿ ಸದ್ದು ಮಾಡಿ ಬಿತ್ತು. ಹಿಂದೆ ಅಡುಗೆಮನೆಯ ಚಾವಣಿಯಲ್ಲಿ ಏನೋ ಟಿಕ್ ಎಂದಿತು. ಅವಳು ತಿರುಗಿ ನೋಡಲಿಲ್ಲ. ಅತ್ತೆ ಅವಳನ್ನೇ ನೋಡುತ್ತಿದ್ದರು. ಆ ಕಣ್ಣುಗಳಲ್ಲಿ ಕೃತಜ್ಞತೆ ಬರಬಹುದು, ಅಳು ಬರಬಹುದು, ಏನೂ ಬಾರದೆಯೂ ಹೋಗಬಹುದು ಎಂದು ಅವಳು ಕಾದಳು. ಬಂದದ್ದು ಕೋಪ. ಎಷ್ಟೋ ತಿಂಗಳಿಂದ ಕಾಣದ, ಬೆನ್ನು ನೆಟ್ಟಗಾಗಿಸುವ ಹಳೆಯ ಕೋಪ.

"ಏನಂದೆ?"

"ಅಪಾ..."

"ನಾಚಿಕೆ ಆಗಲ್ವೇನೇ ನಿಂಗೆ? ದೊಡ್ಡ ಭಾವನ ಹೆಸರು ಹಿಡೀತೀಯಾ, ಅದೂ ನನ್ನ ಮುಖ ನೋಡ್ಕೊಂಡು? ತೆಮಿರ್‌ಕುಲ್ ಅಂತೆ. ನಿನ್ನ ಜೊತೆ ಆಡಿ ಬೆಳೆದೋನಾ ಅವನು? ಜನ ಕೇಳಿದ್ರೆ ಏನಂತಾರೆ? ಸೊಸೆಗೆ ಇದನ್ನೇ ಕಲಿಸಿದ್ದಾ ಅನ್ನಲ್ವಾ ನನ್ನನ್ನ?"

ಇನ್ನೊಂದು ಟಿಕ್. ಕಾನಿಶಾಯ್‌ಗೆ ನಗು ಬಂತೋ, ಅಳು ಬಂತೋ. ಎರಡೂ ಒಂದೇ ಜಾಗದಲ್ಲಿ ಬಂದು ಸಿಕ್ಕಿಕೊಂಡವು. ಅತ್ತೆ ಅವಳನ್ನು ಬೈಯುತ್ತಿದ್ದರು, ಬೈಯಬೇಕಾದರೆ ಅದು ಯಾರ ಹೆಸರೆಂದು ಗೊತ್ತಿರಲೇಬೇಕಿತ್ತು. ಅವಳು ಬಲಗೈಯನ್ನು ಎದೆಗಿಟ್ಟು, ಮೊಣಕಾಲಿನವರೆಗೂ ಬಾಗಿದಳು, ಹೊಸ ಸೊಸೆಯರು ಬಾಗುವ ಹಾಗೆ. "ತಪ್ಪಾಯ್ತು ಅಪಾ," ಅಂದಳು. ಬಾಗಿದ ತಲೆಯೊಳಗೆ ರಕ್ತ ಇಳಿದು ಕಿವಿ ಗುಂಯ್ಗುಟ್ಟಿತು. ಯಾವ ತಪ್ಪಿಗೆ ಬಾಗಿದ್ದೇನೆ ಎಂದು ಕೇಳಿಕೊಂಡಳು. ಇದಕ್ಕೋ, ಬಟ್ಟಲು ತುಂಬಿಸಿದ್ದಕ್ಕೋ, ಇಳಿದವು ಎಂದದ್ದಕ್ಕೋ. ಅತ್ತೆಯ ಹಿಟ್ಟಿನ ಕೈ ಅವಳ ತಲೆವಸ್ತ್ರದ ಮೇಲೆ ಒಮ್ಮೆ ಬಿದ್ದು ಎದ್ದಿತು. ತಟ್ಟಿದ್ದೋ, ಹೊಡೆದದ್ದೋ.

"ಇರಲಿ. ಇನ್ನೊಂದು ಸಲ ಬೇಡ." ಅವರು ಶಾಲನ್ನು ಮತ್ತೆ ಕೊಕ್ಕೆಗೆ ಹಾಕಿ, ಕೌದಿಯ ಮೇಲೆ ಕೂತು, ಅಂಗೈ ಹರಡಿಕೊಂಡರು. ಈಗ ತಡವರಿಸಲಿಲ್ಲ. ಸತ್ತವರ ಹೆಸರುಗಳನ್ನು ಮುಗಿಸಿ ಮುಖ ಸವರಿಕೊಂಡು, ಉಸಿರು ಬಿಟ್ಟು, ಆಮೇಲೆ ಬದುಕಿದ್ದವರನ್ನು ಹರಸತೊಡಗಿದರು, ತುಟಿಯೊಳಗೇ, ಸದ್ದು ಹೊರಡದ ಹಾಗೆ. ಯಾರನ್ನು ಎಲ್ಲಿ ಕರೆದರೆಂದು ಕಾನಿಶಾಯ್‌ಗೆ ಕೇಳಿಸಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಏಕೆಂದರೆ ಓಮಿಯಿನ್ ಎಂದು ಪ್ರಾರ್ಥನೆ ಮುಗಿಸಿದ್ದೇ ಅತ್ತೆ ಗದರಿದರು, "ಕಲ್ಲಿನ ಹಾಗೆ ನಿಂತ್ಕೊಬೇಡ. ಅವನು ಬೆಳಿಗ್ಗೆಯಿಂದ ಹಸ್ಕೊಂಡಿರ್ತಾನೆ. ಬಿಸಿ ಇರುವಾಗಲೇ ಒಂದಿಷ್ಟು ಕಟ್ಕೊಂಡು ಹೋಗಿ ಕೊಟ್ಟು ಬಾ. ಸೇತುವೆ ಮೇಲೆ ನಿಧಾನ."

ಅತ್ತೆ ಹೋಗು ಎಂದರೆ ಹೋಗಬೇಕು. ಅವಳು ಕರಿದಿದ್ದಷ್ಟನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಅಡುಗೆಮನೆಯ ದೀಪವನ್ನು ನೋಡದೆ ಹೊರಗೆ ಬಂದಳು. ನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲಿ ಮಾಂಬೆತ್ ಹತ್ತಿ ಬರುತ್ತಿದ್ದ. ಮನೆಯ ಚಪ್ಪಲಿ, ಅಂಗಿಯ ಗುಂಡಿ ತಪ್ಪಿ ಒಂದು ಕಾಜ ಮೇಲಕ್ಕೆ. ಕೈಯಲ್ಲಿ ಸಾಬೂನಿನ ತುಂಡಿನಷ್ಟು ದೊಡ್ಡ ಯಂತ್ರ. ಅವಳನ್ನು ನೋಡಿ ಕಾಲು ಜೋಡಿಸಿ ನಿಂತ.

"ಜೆಂಗೆ," ಅಂದ, ಅತ್ತಿಗೆಯನ್ನು ಕರೆಯುವ ಹಾಗೆ, ಯಾವಾಗಲೂ ಕರೆಯುವ ಹಾಗೆ. "ನಿಮ್ಮನೇ ಗಂಟೆ ಎರಡು ಸಲ ಹೊಡೀತು."

"ಹೂಂ."

"ಕೆಟ್ಟಿದೆಯೇನೋ ಅಂದ್ಕೊಂಡೆ. ನಿಮ್ಮನೇದು ಅಂದ್ರೆ ಯಾರು ನಂಬ್ತಾರೆ." ಅವನು ದನಿ ತಗ್ಗಿಸಿದ. "ಅಜ್ಜಿ ತಾನೆ? ನಂಗೆ ಗೊತ್ತಿತ್ತು, ಹೀಗಾಗತ್ತೆ ಅಂತ. ಅಜ್ಜಿ ಅಂತಲೇ ತಿಳಿಸ್ತೀನಿ ಬಿಡಿ, ನೀವು ಹೂಂ ಅಂದ್ರೆ ಸಾಕು. ವಯಸ್ಸಾದೋರಿಗೆ ಅವರು ಬೈಯೋದೂ ಇಲ್ಲ. ಸಂಜೆ ಗಾಡಿ ಬರತ್ತೆ, ಒಂದು ಜೊತೆ ಬಟ್ಟೆ ಕೊಟ್ಟು ಕಳಿಸಿ."

ಹೂಂ ಎನ್ನುವುದು ಮಾತೂ ಅಲ್ಲ. ಅದಕ್ಕೆ ಬದಲಿ ಬೇಕಾಗಿಲ್ಲ. ಅದು ಅವಳ ಗಂಟಲಿನಲ್ಲಿ ಸಿದ್ಧವಾಗಿ ಕೂತಿತ್ತು. ಈಗ ತಾನೆ ಒಂದು ಸಲ ಅಂದೂ ಆಗಿತ್ತು. ಕೈಯಲ್ಲಿದ್ದ ಗಂಟಿನ ಬಿಸಿ ಬಟ್ಟೆ ದಾಟಿ ಅಂಗೈ ಸುಡುತ್ತಿತ್ತು.

"ಅಜ್ಜಿ ಅಲ್ಲ," ಅಂದಳು. "ನಾನು."

"ಎರಡೂ ಸಲಾನಾ?"

"ಎರಡೂ ಸಲ."

ಮಾಂಬೆತ್ ತಲೆ ಕೆರೆದುಕೊಂಡ. "ಸುಮ್ನಿರಿ ಜೆಂಗೆ. ಒಂದು ಸಲಾನೂ ಆಡಿಲ್ಲ ಅಂತ ಗೋಡೆ ಮೇಲೆ ನಿಮ್ಮ ಫೋಟೋ ಇದೆ. ನೀವು ಅಂತ ನಾನು ಹೋಗಿ ಹೇಳಿದ್ರೆ ನನಗೇ ಕುಡಿದಿದೀಯಾ ಅಂತಾರೆ."

"ಮತ್ತೆ ಏನು ಮಾಡ್ಬೇಕು?"

ಅವನು ಮೇಲೆ ಕೆಳಗೆ ನೋಡಿದ. ಯಾವುದೋ ಮಹಡಿಯಲ್ಲಿ ಬಾಗಿಲೊಂದು ಮೆಲ್ಲಗೆ ಮುಚ್ಚಿಕೊಂಡಿತು. "ಆ ಮಾತನ್ನ ಇದಕ್ಕೆ ಹೇಳ್ಬೇಕಾಗತ್ತೆ. ನಿಮ್ಮ ಬಾಯಲ್ಲೇ. ಆಗ ದನಿ ನಿಮ್ಮದು ಅಂತ ಇದೇ ತಿಳ್ಕೊಳತ್ತೆ." ಯಂತ್ರವನ್ನು ಚಾಚಿದವನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ. "ಬೇಕಾದ್ರೆ ಯೋಚನೆ ಮಾಡಿ. ಹೇಳಿಬಿಟ್ರೆ ಆಮೇಲೆ ನನ್ನ ಕೈಲಿ ಏನಿಲ್ಲ. ಅಜ್ಜಿನಾದ್ರೆ ಇನ್ನೆಷ್ಟು ವರ್ಷ ಅಂತ."

ಅವಳು ಯಂತ್ರದ ಕಡೆ ಬಗ್ಗಿದಳು. ಹೆಸರು ಈ ಸಲ ಹುಡುಕದೆಯೇ ಬಂತು, ನಾಲಗೆಯ ತುದಿಯಲ್ಲೇ ಇತ್ತು. ಆದರೆ ಮೇಲೆ ಅರ್ಧ ತೆರೆದ ಬಾಗಿಲಿನಿಂದ ಅತ್ತೆ ಹಲಗೆ ಕೆರೆಯುವ ಸದ್ದು ಕೇಳುತ್ತಿತ್ತು, ಅವಳ ಬಾಯಿಂದ ಹೊರಟದ್ದು ಬರೀ ಉಸಿರಾಯಿತು.

"ಕೇಳಿಸಲಿಲ್ಲ ಜೆಂಗೆ," ಅಂದ ಮಾಂಬೆತ್. "ಜೋರಾಗಿ ಹೇಳಿ. ಇಷ್ಟು ಮೆಲ್ಲಗೆ ಅಂದ್ರೆ ಇದು ಹಿಡಿಯಲ್ಲ."

ಕಾನಿಶಾಯ್ ಮೆಟ್ಟಿಲು ಹತ್ತಿ ಹಿಂದಕ್ಕೆ ಹೋದಳು. ಅತ್ತೆಗೆ ಕೇಳಿಸದ ಹಾಗೆ ಬಾಗಿಲನ್ನು ಪೂರ್ತಿ ಎಳೆದುಕೊಂಡು, ಚಿಲಕ ಕೂತಿತೋ ಇಲ್ಲವೋ ಎಂದು ಇನ್ನೊಮ್ಮೆ ತಳ್ಳಿ ನೋಡಿ, ಜಾರಿದ್ದ ತಲೆವಸ್ತ್ರವನ್ನು ಹಣೆಯವರೆಗೆ ಸರಿಪಡಿಸಿಕೊಂಡು ಇಳಿದು ಬಂದಳು. ಆಮೇಲೆ ಜೋರಾಗಿ ಹೇಳಿದಳು.